ಗಂಟಲ ಪೈಪು, ಕತ್ತಿನ ಲೈನು: ಹಾಕೋದು ಅರ್ಧ ಗಂಟೆ, ಕಾಯೋದು ಮೂರು ವಾರ

ಬಳ್ಳಾರಿಯ ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯು ಹೊರಗೆ ಸ್ವಲ್ಪ ಹೊತ್ತು ಕೂತರೆ ಎರಡು ಮಾತು ಕಿವಿಗೆ ಬೀಳುತ್ತವೆ. ‘ಗಂಟಲಿಗೆ ತೂತು ಹಾಕ್ಯಾರಂತ’, ‘ಕುತ್ತಿಗಿಗೆ ಲೈನ್ ಹಾಕ್ಯಾರಂತ’. ಹೇಳುವವರ ಮುಖದಲ್ಲಿ, ಇನ್ನೇನು ಕೈ ಮೀರಿತು ಅನ್ನೋ ಭಯ. ಡಾಕ್ಟರ್ ಕೈ ಬಿಟ್ಟಿದ್ದರೆ ಇಷ್ಟೆಲ್ಲ ಹಾಕುತ್ತಲೇ ಇರಲಿಲ್ಲ, ಅಲ್ವಾ? ಮೊದಲನೆಯದು ಟ್ರೆಕಿಯಾಸ್ಟಮಿ, ಉಸಿರಿಗೆ ನೇರ ದಾರಿ. ಎರಡನೆಯದು ಸೆಂಟ್ರಲ್ ಲೈನ್, ಔಷಧಿ ಕೊಡಲು ದೊಡ್ಡ ರಕ್ತನಾಳದ ಮೂಲಕ ಹೃದಯದ ಹತ್ತಿರದವರೆಗೆ ಹೋಗುವ ಸಣ್ಣ ಕೊಳವೆ.

ನಮ್ಮ ಭಾಗದಲ್ಲಿ ಇವೆರಡೂ ಬೇಕಾಗುವ ರೋಗಿಗಳು ಯಾರು ಅಂತ ಊಹಿಸೋದು ಕಷ್ಟವಲ್ಲ. ಸಿರುಗುಪ್ಪ, ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಅವಕ್ಕೆ ಹೊಡೆಯುವ ಎಣ್ಣೆ ಮೈ ಸೇರಿದವರು, ಲಾರಿಗೆ ಸಿಕ್ಕು ತಲೆಗೆ ಪೆಟ್ಟಾದವರು, ಕಟ್ಟುಹಾವು ಕಚ್ಚಿದವರು. ಆರ್ಗನೊಫಾಸ್ಫರಸ್ ಕೀಟನಾಶಕದ್ದು ಒಂದು ಕೆಟ್ಟ ಗುಣ. ಮೊದಲ ದಿನ ಅಟ್ರೋಪಿನ್ ಎಂಬ ಮದ್ದು ಕೊಟ್ಟ ಮೇಲೆ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಎರಡನೆಯದೋ ಮೂರನೆಯದೋ ದಿನ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ, ಆಮೇಲೆ ಉಸಿರು ಸೋಲುತ್ತದೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಬೇರೆಯೇ ಹಂತ ಅಂತ ಗುರುತಿಸಿದರು. ಅಲ್ಲಿಂದ ವೆಂಟಿಲೇಟರ್, ಕೆಲವೊಮ್ಮೆ ಎರಡು-ಮೂರು ವಾರ. ವೆಂಟಿಲೇಟರ್‌ಗೆ ಜೋಡಿಸಲು ಬಾಯಿಯ ಮೂಲಕ ಹಾಕಿದ ಟ್ಯೂಬನ್ನು ಅಷ್ಟು ದಿನ ಬಿಡಲಾಗುವುದಿಲ್ಲ. ಹಾಗಾಗಿ ಗಂಟಲಿಗೆ ತೂತು.

ಈ ತೂತಿನ ಕಥೆ ಹಳೆಯದು. 1546ರಲ್ಲಿ ಇಟಲಿಯ ಬ್ರಸಾವೋಲ ಎಂಬ ವೈದ್ಯ ಹೀಗೆ ಒಬ್ಬನನ್ನು ಉಳಿಸಿದ ದಾಖಲೆಯಿದೆ. ಆದರೆ ಇದು ಚಿಕಿತ್ಸೆ ಅಂತ ನೆಲೆಯೂರಿದ್ದು 19ನೇ ಶತಮಾನದ ಪ್ಯಾರಿಸ್‌ನಲ್ಲಿ. ಗಂಟಲಮಾರಿ ಬಂದ ಮಕ್ಕಳು ಉಸಿರುಕಟ್ಟಿ ಸಾಯುತ್ತಿದ್ದ ಕಾಲ. ಟ್ರೂಸೋ ಎಂಬ ವೈದ್ಯರು 200ಕ್ಕೂ ಹೆಚ್ಚು ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿದರು, ಉಳಿದದ್ದು ಸುಮಾರು ನಾಲ್ಕರಲ್ಲಿ ಒಂದು. ಕೊಯ್ದರೆ ಸಾಲದು, ಆಮೇಲಿನ ಆರೈಕೆಯೇ ಮುಖ್ಯ ಅಂತ ಅವರು ಹಟ ಹಿಡಿದರು. ಟ್ಯೂಬಿನ ಒಳಗೆ ಇನ್ನೊಂದು ಟ್ಯೂಬ್ ಇರಬೇಕು, ಕಫ ಕಟ್ಟಿದರೆ ಒಳಗಿನದನ್ನಷ್ಟೇ ತೆಗೆದು ತೊಳೆಯಬಹುದು ಎಂದರು. ಕುತ್ತಿಗೆಗೆ ತೆಳು ಬಟ್ಟೆ ಸುತ್ತಿ, ಒಳಗೆ ಹೋಗುವ ಗಾಳಿ ಬೆಚ್ಚಗೆ ತೇವವಾಗಿ ಇರುವಂತೆ ನೋಡಿಕೊಳ್ಳಿ ಎಂದರು.

ಆ ಬಟ್ಟೆ ಈಗಲೂ ಇದೆ. ಗಾಳಿಯನ್ನು ಸೋಸಿ ತೇವ ಮಾಡಿ ಕಳಿಸುವುದು ಮೂಗಿನ ಕೆಲಸ. ಟ್ರೆಕಿಯಾಸ್ಟಮಿ ಆದವರಿಗೆ ಮೂಗು ಇದ್ದೂ ಇಲ್ಲದ ಹಾಗೆ. ಅದಕ್ಕೇ ಟ್ಯೂಬಿನ ಬಾಯಿಗೆ ಒದ್ದೆ ಗಾಜ್ ಬಟ್ಟೆ ಕಟ್ಟುತ್ತಾರೆ, ಇಲ್ಲವೇ ತೇವ ಹಿಡಿದಿಡುವ ಫಿಲ್ಟರ್ ಹಾಕುತ್ತಾರೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ಗಾಜ್ ಎಷ್ಟು ಬೇಗ ಒಣಗುತ್ತದೆ ಅಂತ ಯೋಚಿಸಿ. ಅದು ಒಣಗಿದರೆ ಒಳಗೆ ಕಫ ಅಂಟಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಟ್ಯೂಬೇ ಮುಚ್ಚಿಕೊಳ್ಳುತ್ತದೆ.

ಮುಂದಿನ ದೊಡ್ಡ ತಿರುವು 1952ರ ಕೋಪನ್‌ಹೇಗನ್. ಪೋಲಿಯೊ ಊರನ್ನೇ ಹಿಡಿದಿತ್ತು. ಆಗಿನ ಉಸಿರಾಟದ ಯಂತ್ರಗಳಲ್ಲಿಟ್ಟ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಬ್ಬ 12 ವರ್ಷದ ಹುಡುಗಿಗೆ ಟ್ರೆಕಿಯಾಸ್ಟಮಿ ಮಾಡಿಸಿ, ಟ್ಯೂಬಿಗೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತಿ ಉಸಿರು ಕೊಟ್ಟರು. ಅವಳು ಉಳಿದಳು. ಆದರೆ ಎಲ್ಲ ರೋಗಿಗಳ ಚೀಲವನ್ನು ಹಗಲು-ರಾತ್ರಿ ಒತ್ತುವವರು ಯಾರು? ಸುಮಾರು 1500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಬಂದು ಕೂತರು, ಜೊತೆಗೆ ಸಕ್ಷನ್ ಮಾಡುವ, ಅಂದರೆ ಟ್ಯೂಬಿನ ಕಫ ಎಳೆದು ತೆಗೆಯುವ ನರ್ಸ್‌ಗಳು. ಇವತ್ತಿನ ಐಸಿಯು ಹುಟ್ಟಿದ್ದು ಹೀಗೆ. ಪುಸ್ತಕಗಳು ಇಬ್ಸೆನ್ ಅವರ ಜಾಣ್ಮೆಯನ್ನು ಹೊಗಳುತ್ತವೆ, ಹೊಗಳಲಿ. ನನಗಂತೂ ಆ ಸಾವಿರಾರು ಕೈಗಳೇ ಜಾಸ್ತಿ ಮುಖ್ಯ ಅನಿಸುತ್ತವೆ.

ಸೆಂಟ್ರಲ್ ಲೈನ್ ಕಥೆ ಶುರುವಾಗೋದೇ ಒಬ್ಬ ನರ್ಸ್‌ನಿಂದ. 1929, ಜರ್ಮನಿಯ ಎಬರ್ಸ್‌ವಾಲ್ಡೆ. ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಬಹುದು ಅಂತ ಯುವ ವೈದ್ಯ ವರ್ನರ್ ಫಾರ್ಸ್‌ಮನ್ ನಂಬಿದ್ದರು. ಮೇಲಿನವರು ಬೇಡ ಎಂದರು. ಶುದ್ಧ ಮಾಡಿದ ಉಪಕರಣಗಳು ನರ್ಸ್ ಗೆರ್ಡಾ ಡಿಟ್ಜನ್ ಕೈಯಲ್ಲಿದ್ದವು. ಆಕೆ ಉಪಕರಣ ಕೊಡಲು ಒಪ್ಪಿದರು, ಪ್ರಯೋಗ ನನ್ನ ಮೇಲೇ ಆಗಲಿ ಎಂದೂ ಹೇಳಿದರು. ಫಾರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿ, ಕೊಳವೆಯನ್ನು ಸದ್ದಿಲ್ಲದೆ ತಮ್ಮ ತೋಳಿಗೇ ತೂರಿಸಿಕೊಂಡರು. ಇಬ್ಬರೂ ಎಕ್ಸ್-ರೇ ಕೋಣೆಗೆ ನಡೆದುಹೋಗಿ ನೋಡಿದರೆ ಕೊಳವೆ ಹೃದಯ ತಲುಪಿತ್ತು. 1956ರ ನೊಬೆಲ್ ಫಾರ್ಸ್‌ಮನ್ ಮತ್ತು ಇನ್ನಿಬ್ಬರು ವೈದ್ಯರಿಗೆ ಬಂತು.

ಐವತ್ತರ ದಶಕದಲ್ಲಿ ಲೈನ್ ಹಾಕುವ ಸುಲಭ ವಿಧಾನಗಳು ಬಂದವು, ಬಳಕೆ ಹೆಚ್ಚಿತು. ಜೊತೆಗೆ ಸೋಂಕೂ ಹೆಚ್ಚಿತು. ಹೃದಯದ ಬಾಗಿಲವರೆಗೆ ದಾರಿ ತೆರೆದಿಟ್ಟರೆ ಔಷಧಿ ಒಂದೇ ಒಳಗೆ ಹೋಗುತ್ತದೆಯೇ? 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್ ಒಂದು ಸಣ್ಣ ಪಟ್ಟಿ ಮಾಡಿದರು. ಕೈ ತೊಳೆಯಿರಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಒರೆಸಿ, ರೋಗಿಯ ಮೈತುಂಬ ಶುದ್ಧ ಬಟ್ಟೆ ಹೊದಿಸಿ, ತೊಡೆಸಂದಿಯಲ್ಲಿ ಲೈನ್ ಹಾಕುವುದು ಬೇಡ, ಅಗತ್ಯ ಮುಗಿದ ದಿನವೇ ಲೈನ್ ತೆಗೆಯಿರಿ. ಇದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಿದ್ದದ್ದು ನರ್ಸ್‌ಗೆ ಕೊಟ್ಟ ಅಧಿಕಾರ. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ, ‘ನಿಲ್ಲಿಸಿ’ ಅನ್ನಬಹುದು. ಮಿಷಿಗನ್ ರಾಜ್ಯದ 103 ಐಸಿಯುಗಳಲ್ಲಿ ಇದನ್ನೇ ಮಾಡಿದಾಗ, 18 ತಿಂಗಳಲ್ಲಿ ಲೈನ್ ಸೋಂಕು ಶೇ 66ರವರೆಗೆ ಇಳಿಯಿತು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಎಷ್ಟು ಸಿಸ್ಟರ್‌ಗಳು ಸೀನಿಯರ್ ಡಾಕ್ಟರಿಗೆ ‘ಸರ್, ನಿಲ್ಲಿ’ ಅಂತ ಹೇಳಿಯಾರು? ಸುಮ್ನೆ ಕೇಳಿದೆ.

ಹತ್ತಿರದಿಂದ ನೋಡಿದರೆ ಈ ಕೆಲಸ ಎಂಥದು ಗೊತ್ತಾಗುತ್ತದೆ. ಸಕ್ಷನ್‌ಗೆ ಮೊದಲು ಆಮ್ಲಜನಕ ಹೆಚ್ಚಿಸಬೇಕು. ಕಫ ಎಳೆಯುವ ತೆಳು ಪೈಪು (ಕ್ಯಾತಿಟರ್) ಒಳಗೆ ಹೋಗುವಾಗ ಎಳೆತ ಇರಬಾರದು, ಹೊರಗೆ ಬರುವಾಗ ಮಾತ್ರ. ಎಲ್ಲ 10ರಿಂದ 15 ಸೆಕೆಂಡಿನೊಳಗೆ ಮುಗಿಯಬೇಕು, ಯಾಕೆಂದರೆ ಯಂತ್ರ ಕಫದ ಜೊತೆ ರೋಗಿಯ ಉಸಿರನ್ನೂ ಎಳೆಯುತ್ತದೆ. ಟ್ಯೂಬಿನ ಸುತ್ತ ಗಾಳಿ ತುಂಬುವ ಪುಟ್ಟ ಬಲೂನು (ಕಫ್) ಇರುತ್ತದೆ, ಅದರ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿರಬೇಕು. ಜಾಸ್ತಿಯಾದರೆ ಶ್ವಾಸನಾಳಕ್ಕೆ ಗಾಯ, ಕಮ್ಮಿಯಾದರೆ ಜೊಲ್ಲು ಶ್ವಾಸಕೋಶಕ್ಕೆ. ಇನ್ನು ಲೈನಿಗೆ ಪ್ರತಿ ಸಲ ಸಿರಿಂಜ್ ಜೋಡಿಸುವ ಮೊದಲು ಅದರ ಮೂತಿಯನ್ನು ಸ್ಪಿರಿಟ್‌ನಿಂದ ಗಟ್ಟಿಯಾಗಿ ಉಜ್ಜಿ ಒಣಗಲು ಬಿಡಬೇಕು. ಲೈನ್ ತೆಗೆಯುವಾಗ ರೋಗಿ ಮಲಗಿಯೇ ಇರಬೇಕು. ಕೂತಿದ್ದರೆ ಗಾಳಿ ಒಳಗೆ ಎಳೆದುಕೊಂಡು ಹೃದಯಕ್ಕೆ ಹೋಗಿಬಿಡಬಹುದು.

ಇದನ್ನೆಲ್ಲ ಒಂದು ಪಾಳಿಯಲ್ಲಿ ಎಷ್ಟು ಸಲ, ಎಷ್ಟು ಜನಕ್ಕೆ? ಪ್ರಶ್ನೆ ಇರುವುದೇ ಅಲ್ಲಿ. ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ, ರಾಯಚೂರಿನ ರಿಮ್ಸ್ 2007ರಲ್ಲಿ, ಕೊಪ್ಪಳದ ಕಿಮ್ಸ್ 2015ರಲ್ಲಿ. ಕಟ್ಟಡ, ವೆಂಟಿಲೇಟರ್ ಬಂದರೆ ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಪ್ರತಿ ಪಾಳಿಯಲ್ಲೂ ಒಬ್ಬ ನರ್ಸ್ ಇರಬೇಕು ಅನ್ನೋ ಅಳತೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಕೈ ಸಾಲದ ವಾರ್ಡಿನಲ್ಲಿ ಸಕ್ಷನ್ ಪೈಪು ರೋಗಿಯ ತಮ್ಮನ ಕೈಗೋ ಹೆಂಡತಿಯ ಕೈಗೋ ಬರುತ್ತದೆ. ಅವರು ನೋಡಿ ಕಲಿತದ್ದಷ್ಟೇ, ಯಾಕೆ ಹಾಗೆ ಅಂತ ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಟ್ಯೂಬ್ ಇಟ್ಟುಕೊಂಡೇ ಮನೆಗೆ ಹೋಗುವವರಿಗೆ ಇದು ಇನ್ನೂ ಕಷ್ಟ. ಕರೆಂಟ್ ಹೋದರೆ ಬೇಕು ಅಂತ ಕಾಲಲ್ಲಿ ಒತ್ತುವ ಸಕ್ಷನ್ ಯಂತ್ರ, ಅದೇ ಅಳತೆಯ ಒಂದು ಬದಲಿ ಟ್ಯೂಬ್, ಒಂದು ಅಳತೆ ಚಿಕ್ಕದು ಇನ್ನೊಂದು ಮನೆಯಲ್ಲಿರಬೇಕು. ಸ್ನಾನದ ನೀರು ಟ್ಯೂಬಿಗೆ ಹೋಗಬಾರದು. ಕಸ ಗುಡಿಸುವಾಗ, ಹತ್ತಿ ಬಿಡಿಸುವಾಗ ರೋಗಿ ದೂರ ಇರಬೇಕು. ಟ್ಯೂಬ್ ಜಾರದಂತೆ ಕುತ್ತಿಗೆಗೆ ಕಟ್ಟಿದ ದಾರದ ಕೆಳಗೆ ಒಂದೆರಡು ಬೆರಳು ಹೋಗುವಷ್ಟು ಸಡಿಲ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ. ಇವನ್ನು ಕನ್ನಡದಲ್ಲಿ, ಚಿತ್ರ ಹಾಕಿ, ಒಂದು ಹಾಳೆಯಲ್ಲಿ ಬರೆಯಬಹುದು. ಆ ಹಾಳೆಯನ್ನು ಹಿಡಿದು, ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ಕಳಿಸಲು ಒಬ್ಬ ಸಿಸ್ಟರ್‌ಗೆ ಅರ್ಧ ಗಂಟೆ ಬೇಕು. ಡ್ಯೂಟಿ ಚಾರ್ಟ್ ಹಾಕುವಾಗ ಆ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.