ಮಂಗನ ಕಾಯಿಲೆ: ಕ್ಯಾಸನೂರಿನಿಂದ ಘಟ್ಟದ ಉದ್ದಕ್ಕೂ

ಅಡಿಕೆ ಕೊಯ್ಲು ಮುಗಿಯುತ್ತ ಬಂದ ಹಾಗೆ ಮಲೆನಾಡಿನಲ್ಲಿ ದರಗು ಗುಡಿಸುವ ಕೆಲಸ ಶುರುವಾಗುತ್ತದೆ. ಸೊಪ್ಪಿನಬೆಟ್ಟದಲ್ಲಿ ಉದುರಿದ ಎಲೆಯನ್ನು ರಾಶಿ ಮಾಡಿ, ಹೆಡಿಗೆಗೆ ತುಂಬಿ, ತಲೆ ಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತಾರೆ. ದನದ ಕಾಲಡಿ ಹಾಸಿದ ಅದೇ ದರಗು ಮುಂದೆ ತೋಟದ ಗೊಬ್ಬರವಾಗುತ್ತದೆ. ಅದೇ ತಿಂಗಳುಗಳಲ್ಲಿ, ಅದೇ ಎಲೆಗಳ ನಡುವೆ, ಎಳ್ಳುಕಾಳಿಗಿಂತ ಚಿಕ್ಕದಾದ ಎಳೆಯ ಉಣುಗುಗಳು ರಕ್ತಕ್ಕಾಗಿ ಕಾದಿರುತ್ತವೆ. ಮಂಗನ ಕಾಯಿಲೆ ಜನರಿಗೆ ತಗಲುವುದು ಈ ಎರಡು ಕಾಲ ಕೂಡುವಲ್ಲಿ. ಸರ್ಕಾರದ ಸಿದ್ಧತೆ ಬಹಳ ಸಲ ಎರಡಕ್ಕೂ ಹಿಂದೆ ಬಿದ್ದಿದೆ.

1957ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡಕ್ಕೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಮಂಗಗಳನ್ನು ಹೀಗೆ ಕೊಲ್ಲುವ ಆ ರೋಗ ಭಾರತಕ್ಕೆ ಕಾಲಿಟ್ಟಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿತ್ತು. ಆತಂಕ ಸಹಜವಾಗಿತ್ತು. ಪ್ರತ್ಯೇಕಿಸಿದ ವೈರಸ್ ಮಾತ್ರ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಬಳಗಕ್ಕೆ ಸೇರಿತ್ತು. ಆ ಹೋಲಿಕೆಯನ್ನು ನಂಬಿ, ರಷ್ಯಾದ ಆ ಜ್ವರಕ್ಕೆಂದು ತಯಾರಿಸಿದ್ದ ಲಸಿಕೆಯನ್ನೇ ಶಿವಮೊಗ್ಗದಲ್ಲಿ ಹಾಕಿ ನೋಡಿದರು. ಅದು ರಕ್ಷಣೆ ಕೊಡಲಿಲ್ಲ.

ಕಾಯಿಲೆಯ ಚಕ್ರ ಹೀಗಿದೆ. ದೊಡ್ಡ ಉಣುಗು ಮಳೆಗಾಲದಲ್ಲಿ ದನ ಮತ್ತು ಇತರ ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಬಿಟ್ಟ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಮೂಗಿಲಿ, ಮಂಗಗಳನ್ನು ಹಿಡಿಯುತ್ತವೆ. ರಕ್ತ ಕುಡಿದು ಪೊರೆ ಬಿಟ್ಟಾಗ ಎಂಟು ಕಾಲು ಬರುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಹಂತದ ಉಣುಗು. ಅದರ ಕಾಲ ನವೆಂಬರ್‌ನಿಂದ ಮೇ, ತೀವ್ರತೆ ಜನವರಿಯಿಂದ ಮಾರ್ಚ್. ಮರಿಯಾಗಿದ್ದಾಗ ಹೊಕ್ಕ ವೈರಸ್ ಪೊರೆ ಬಿಟ್ಟ ಮೇಲೂ ಒಳಗೇ ಉಳಿಯುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಕಾಡಿನಲ್ಲಿ ಮೇಯುವ ದನ ಉಣುಗಿನ ಸಂಖ್ಯೆ ಹೆಚ್ಚಿಸುತ್ತದೆ. ಮುಸಿಯ ಮತ್ತು ಮಂಗ ಮಾತ್ರ ಸಾಯುತ್ತವೆ. ಸತ್ತ ಮೈಯಿಂದ ಉಣುಗುಗಳು ಇಳಿದು ಆ ಜಾಗದಲ್ಲೇ ಹರಡಿಕೊಳ್ಳುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗಿಯ ಮನೆಯನ್ನು ದೂರವಿಡುವುದಕ್ಕೆ ಯಾವ ಕಾರಣವೂ ಇಲ್ಲ.

ಈ ವೈರಸ್ಸಿನಿಂದಲೇ, ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಆಮೇಲೆ ಬಂತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ನಂತರ ವರ್ಷಕ್ಕೊಂದರಂತೆ 5 ವರ್ಷ. ಮಂಗ ಸತ್ತ ಅಥವಾ ಜ್ವರ ಕಂಡ ಜಾಗದಿಂದ 5 ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಿಗೆ ಕೊಡುವುದು ಕ್ರಮವಾಗಿತ್ತು. ತೊಡಕು ಇಲ್ಲೇ ಇತ್ತು. ಡಿಸೆಂಬರ್‌ನಲ್ಲಿ ಮಂಗ ಸತ್ತ ಮೇಲೆ ಮೊದಲ ಡೋಸ್ ಕೊಟ್ಟರೆ ಎರಡನೆಯದು ಬೀಳುತ್ತಿದ್ದುದು ಜನವರಿಯಲ್ಲಿ. ಅಷ್ಟರಲ್ಲಿ ದರಗಿನ ಕೆಲಸ ಆರಂಭವಾಗಿರುತ್ತಿತ್ತು. ನವೆಂಬರ್‌ಗೆ ಮೈ ಸಿದ್ಧವಾಗಬೇಕಾದರೆ ಆಗಸ್ಟ್‌ನಲ್ಲಿ ಆರಂಭಿಸಬೇಕಿತ್ತು. ಆದರೆ ಜೋರು ಮಳೆಯ ಆಗಸ್ಟ್‌ನಲ್ಲಿ, ಗದ್ದೆ ಕೆಲಸದ ನಡುವೆ, ಇನ್ನೂ ಬಾರದ ಕಾಯಿಲೆಗೆ ನೋವಿನ ಚುಚ್ಚುಮದ್ದು ಹಾಕಿಸಿಕೊಳ್ಳಲು ಜನ ಹಿಂಜರಿದರು. 2005ರಿಂದ 2010ರ ಅಂಕಿಅಂಶ ನೋಡಿದಾಗ ಎರಡು ಡೋಸ್‌ಗಳ ರಕ್ಷಣೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ಎಂದು ಕಂಡುಬಂತು. ಅಂದರೆ ಬೂಸ್ಟರ್ ತಪ್ಪಿಸಿಕೊಂಡವರು ಅರ್ಧ ದಾರಿಯಲ್ಲೇ ನಿಂತ ಹಾಗೆ.

ಬಹುಕಾಲ ಇದನ್ನು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಕಾಯಿಲೆ ಎಂದೇ ಎಣಿಸಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ, ಗೇರುತೋಟಕ್ಕೆಂದು ಕಾಡು ಕಡಿದ ಕಡೆ ದೊಡ್ಡದಾಗಿ ಕಾಣಿಸಿಕೊಂಡಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿ ಮಾಡಿದವರಿಗೆ ಜ್ವರ ಬಂತು. ಮರುವರ್ಷ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಇದೆಲ್ಲ ಹೊಸ ಹರಡುವಿಕೆಯೇ ಎಂದು ಹೇಳಿಬಿಡುವುದು ಅವಸರವಾದೀತು. ದೂರದ ಕಛ್, ಸೌರಾಷ್ಟ್ರದ ಜನರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳು ಬಹಳ ಹಿಂದೆಯೇ ಸಿಕ್ಕಿದ್ದವು. ಹುಡುಕಿದ ಕಡೆ ಸಿಕ್ಕಿತು ಎಂಬುದೂ ಈ ಪಟ್ಟಿಯ ಒಂದು ಭಾಗ.

2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನರ ಸಾಲು ಸಾವುಗಳಾದವು. ಅದಾದ ಮೂರೇ ವರ್ಷಕ್ಕೆ, 2022ರಲ್ಲಿ, ಲಸಿಕೆಯ ಸಾಮರ್ಥ್ಯ ಪರೀಕ್ಷೆಯಲ್ಲಿ ನಿಲ್ಲದೆ ಬಳಕೆಯೇ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಲಸಿಕೆ ತಯಾರಿಸುವ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಹಳೆಯದು ದುರ್ಬಲವಾಗುತ್ತಿರುವುದು ಗೊತ್ತಾದಾಗಲೇ ಈ ಕೆಲಸ ಆರಂಭವಾಗಬೇಕಿತ್ತು.

ಈಗ ಕೈಯಲ್ಲಿರುವುದು ಮೈಗೆ ಹಚ್ಚಿ ಉಣುಗನ್ನು ದೂರವಿಡುವ ಡೆಪಾ ಎಣ್ಣೆ. ಕಾಡಿಗೆ ಹೊರಡುವ ಮುನ್ನ ಕಾಲಿಗಷ್ಟೇ ಸವರಿದರೆ ಸಾಲದು. ಹೆಡಿಗೆ ಹೊರುವವರ ಕುತ್ತಿಗೆ, ಕಿವಿಯ ಹಿಂಭಾಗ, ತೋಳಿಗೂ ಬೇಕು. ಬೆವರಿದರೆ ಮತ್ತೆ ಹಚ್ಚಬೇಕು. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಕಚ್ಚಿ ಹಿಡಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಸುತ್ತ 50 ಅಡಿ ಮೆಲಾಥಿಯಾನ್ ಕೀಟನಾಶಕದ ಪುಡಿ ಹಾಕುವವರೆಗೆ ಆ ಕಡೆಯ ದರಗು ತರಬೇಡಿ.

ಕಚ್ಚಿದ 3ರಿಂದ 8 ದಿನಕ್ಕೆ ದಿಢೀರ್ ಜ್ವರ, ತಲೆಸಿಡಿತ, ಸೊಂಟ ಮತ್ತು ಮೀನಖಂಡದ ತೀವ್ರ ನೋವು ಬರುತ್ತದೆ. ಕೆಲವರಿಗೆ ವಸಡು, ಮೂಗಿನಿಂದ ರಕ್ತ. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದು ತಪ್ಪು ತಿಳಿಯುವುದು ಸುಲಭ. ವೈದ್ಯರು ಕೇಳದಿದ್ದರೂ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ. ಮೊದಲ ಕೆಲವೇ ದಿನಗಳಲ್ಲಿ ರಕ್ತ ಕೊಟ್ಟರೆ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ನೇರವಾಗಿ ಸಿಗುತ್ತದೆ. ತಡವಾದರೆ ಪ್ರತಿಕಾಯ ಪರೀಕ್ಷೆಯೇ ಗತಿ. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಸೋಂಕಿತರಲ್ಲಿ ಶೇ 3ರಿಂದ 5 ಮಂದಿ ಸಾಯುತ್ತಾರೆ. ಜ್ವರ ಬಿಟ್ಟಿತೆಂದು ತೋಟಕ್ಕೆ ಇಳಿದವರಲ್ಲಿ ಶೇ 10ರಿಂದ 20 ಜನರಿಗೆ ಒಂದೆರಡು ವಾರದ ಮೇಲೆ ಅದು ಮರಳುತ್ತದೆ, ಆಗ ನಡುಕ, ದೃಷ್ಟಿ ಮಸುಕು, ಗೊಂದಲ ಜೊತೆಗಿರುತ್ತವೆ. ಆಸ್ಪತ್ರೆಯ ಚೀಟಿಯನ್ನು ಅಲ್ಲಿಯವರೆಗೂ ಜೋಪಾನವಾಗಿಡಿ.