ಪೈಥಾನ್ 2ರಿಂದ 3ಕ್ಕೆ: ಆ 36 ಎಲ್ಲಿಂದ ಬಂತು?

ಗಂಜ್ (ಧಾನ್ಯದ ಮಾರುಕಟ್ಟೆ) ಹಿಂದಿನ ಒಂದು ದಾಲ್ ಮಿಲ್‌ನಲ್ಲಿ ತೂಕದ ಚೀಟಿ ಪ್ರಿಂಟ್ ಮಾಡುವ ಸಣ್ಣ ಪ್ರೋಗ್ರಾಮ್ ಇದೆ. ಯಾರೋ ಹಿಂದೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ, ಪೈಥಾನ್ 2ರಲ್ಲಿ ಬರೆದುಕೊಟ್ಟದ್ದು, ಸುಮಾರು 400 ಸಾಲು. ಈ ಬೇಸಿಗೆಯಲ್ಲಿ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದರಲ್ಲಿ ಇರುವುದು ಪೈಥಾನ್ 3. ಪೈಥಾನ್ 2ರ ನಿರ್ವಹಣೆ 2020ರ ಜನವರಿ 1ಕ್ಕೇ ಮುಗಿದಿದೆ, ಕೊನೆಯ ಆವೃತ್ತಿ 2.7.18 ಅದೇ ವರ್ಷ ಏಪ್ರಿಲ್‌ನಲ್ಲಿ ಬಂತು. ಹಾಗಾಗಿ ಹಳೆಯದನ್ನೇ ಮತ್ತೆ ಕೂರಿಸುವುದು ಬೇಡ ಅಂದುಕೊಂಡು ಕೋಡ್ ಬದಲಿಸಲು ಕೂತೆ.

ಅರ್ಧ ಗಂಟೆಯಲ್ಲಿ ಪ್ರೋಗ್ರಾಮ್ ಓಡಿತು. ಆಮೇಲಿನ ಮೂರು ದಿನ, ಓಡುತ್ತಿರುವ ಪ್ರೋಗ್ರಾಮ್ ಏನೇನು ತಪ್ಪು ಮಾಡುತ್ತಿದೆ ಅಂತ ಹುಡುಕುವುದರಲ್ಲೇ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಸುಲಭದವು

ಪ್ರಿಂಟ್‌ಗೆ ಈಗ ಆವರಣ ಬೇಕು. ರಾ-ಇನ್‌ಪುಟ್ ಹೋಗಿ ಬರೀ ಇನ್‌ಪುಟ್ ಆಗಿದೆ. ಎಕ್ಸ್‌ರೇಂಜ್ ಈಗ ರೇಂಜ್. ಡಿಕ್ಷನರಿಯ ಹ್ಯಾಸ್-ಕೀ ಇಲ್ಲ, 'ಇನ್' ಬಳಸಬೇಕು. ಇವನ್ನೆಲ್ಲ 2ಟು3 ಅನ್ನುವ ಸಾಧನ ತಾನೇ ಮಾಡಿಕೊಡುತ್ತದೆ. ಪೈಥಾನ್ 3.13ರಿಂದ ಅದನ್ನು ತೆಗೆದುಹಾಕಿದ್ದಾರೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಳೇದಿತ್ತು, ನಡೆಯಿತು. ಇವು ಬಿಟ್ಟುಹೋದರೂ ಚಿಂತೆಯಿಲ್ಲ, ಎರರ್ ಬಂದೇ ಬರುತ್ತದೆ.

ಭಾಗಾಕಾರ

ನಮ್ಮ ಓಣಿಯ ಉರ್ದುವಿನಲ್ಲಿ 'ಪರ್ಸೋಂ' ಅಂದರೆ ಮೊನ್ನೆಯೂ ಹೌದು, ಮೂರು ತಿಂಗಳ ಹಿಂದೆಯೂ ಹೌದು. ದೆಹಲಿಯವರಿಗೆ ಹಾಗೆ ಹೇಳಿದರೆ ಮೊನ್ನೆ ಅಂತಲೇ ನಂಬಿಬಿಡುತ್ತಾರೆ. ಪೈಥಾನ್‌ನ / ಗುರುತು ಹೀಗೇ. ಎರಡೂ ಕಡೆ ಇದೆ, ಎರಡೂ ಕಡೆ ಓಡುತ್ತದೆ, ಉತ್ತರ ಬೇರೆ.

ಮಿಲ್‌ನಲ್ಲಿ 50 ಕೆಜಿ ಚೀಲ. 637 ಕೆಜಿ ಬೇಳೆ ಅಂದರೆ 12 ಚೀಲ, ಮೇಲೆ 37 ಕೆಜಿ. ಹಳೇ ಕೋಡ್ 637 / 50 ಮಾಡಿ 12 ಪಡೆಯುತ್ತಿತ್ತು, ಯಾಕೆಂದರೆ ಪೈಥಾನ್ 2ರಲ್ಲಿ ಎರಡೂ ಪೂರ್ಣ ಸಂಖ್ಯೆಯಾದರೆ ಉತ್ತರವೂ ಪೂರ್ಣ ಸಂಖ್ಯೆ. ಪೈಥಾನ್ 3ರಲ್ಲಿ ಚೀಟಿ ಹೀಗೆ ಬಂತು: 12.74 ಚೀಲ, 37 ಕೆಜಿ. ಒಂದೇ 37 ಕೆಜಿಯನ್ನು ಎರಡು ಸಲ ಲೆಕ್ಕ ಹಾಕಿದಂತೆ.

ನಾನು ಸುಮ್ನೆ ಅದರ ಸುತ್ತ ಇಂಟ್ (ದಶಮಾಂಶ ಕತ್ತರಿಸಿ ಪೂರ್ಣ ಸಂಖ್ಯೆ ಕೊಡುವ ಫಂಕ್ಷನ್) ಹಾಕಿದೆ. 12 ಬಂತು, ಖುಷಿಯಾಯಿತು. ತಪ್ಪು ಮಾಡಿದ್ದೆ. ಸ್ಟಾಕ್‌ನಿಂದ ಕಳೆಯುವ ಎಂಟ್ರಿಗಳು ಮೈನಸ್‌ನಲ್ಲಿರುತ್ತವೆ. -30 ಕೆಜಿಗೆ ಹಳೇ ಕೋಡ್ ಕೊಡುತ್ತಿದ್ದುದು -1 ಚೀಲ, 20 ಕೆಜಿ. ನೋಡಲು ವಿಚಿತ್ರ, ಆದರೆ ಕೂಡಿಸಿದರೆ -50 + 20, ಸರಿಯಾಗಿ -30. ಇಂಟ್ ಹಾಕಿದರೆ -0.6 ಸೊನ್ನೆಯಾಗುತ್ತದೆ, ಶೇಷ ಮಾತ್ರ ಹಾಗೇ 20. ಅಂದರೆ 30 ಕೆಜಿ ಕಳೆಯಬೇಕಾದ ಕಡೆ 20 ಕೆಜಿ ಕೂಡಿತು. ಇಂಥ ಪ್ರತಿ ಎಂಟ್ರಿಗೂ 50 ಕೆಜಿ ಬೇಳೆ ಗಾಳಿಯಲ್ಲಿ ಹುಟ್ಟುತ್ತಿತ್ತು. ಸರಿಯಾದ ಬದಲಿ // ಮಾತ್ರ. ಅದು ಕೆಳಕ್ಕೆ ಇಳಿಸುತ್ತದೆ, ಪೈಥಾನ್ 2 ಮಾಡುತ್ತಿದ್ದಂತೆಯೇ. ಇಂಟ್ ಸೊನ್ನೆಯ ಕಡೆಗೆ ಎಳೆಯುತ್ತದೆ.

2ಟು3 ಇದನ್ನು ಮುಟ್ಟುವುದಿಲ್ಲ. ಓಡುವಾಗ ಅಲ್ಲಿ ಯಾವ ಥರದ ಸಂಖ್ಯೆ ಬರುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನನಗೆ ಸಿಕ್ಕ ಒಳದಾರಿ: ಮೊದಲು ಹಳೇ ಕೋಡನ್ನು ಪೈಥಾನ್ 2.7ರಲ್ಲೇ -3 ಸ್ವಿಚ್ ಹಾಕಿ ಓಡಿಸಿ. ಪೂರ್ಣ ಸಂಖ್ಯೆಗಳ ಭಾಗಾಕಾರ ನಡೆದ ಸಾಲನ್ನೆಲ್ಲ ನಂಬರ್ ಸಮೇತ ತೋರಿಸುತ್ತದೆ. ನನಗೆ 9 ಸಾಲು ಸಿಕ್ಕವು.

ರೌಂಡ್ ಕೂಡ ಬದಲಾಗಿದೆ. 62.5 ಮೊದಲು 63 ಆಗುತ್ತಿತ್ತು, ಈಗ 62. ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಬಿಲ್‌ನಲ್ಲಿ ರೂಪಾಯಿಗೆ ದುಂಡು ಮಾಡುವವರು ನೋಡಿಕೊಳ್ಳಿ.

ಆ 36

ಎರಡನೇ ದಿನ ಮಿಲ್‌ನಿಂದ ಫೋನ್. "ಊರಿನ ಹೆಸರು ಉದ್ದಾತು ಅಂದ್ರ ತೂಕ ಕೆಳಗಿನ ಸಾಲಿಗಿ ಬೀಳ್ತದ ನೋಡ್ರಿ." ಕೋಡ್‌ನಲ್ಲಿ ಊರಿನ ಹೆಸರಿನ ಮೊದಲ 36 ಮಾತ್ರ ತೆಗೆದುಕೊಳ್ಳುವ ಸಾಲು ಇತ್ತು. ಯಾಕೆ 36 ಅಂತ ಒಂದು ಕಾಮೆಂಟೂ ಇಲ್ಲ. ಚೀಟಿಯಲ್ಲಿ ಅಷ್ಟು ಜಾಗವೇ ಇಲ್ಲ.

ಇಲ್ಲಿ ನನಗೆ ಅರ್ಧ ದಿನ ಹಿಡಿಯಿತು. ಪೈಥಾನ್ 2ರಲ್ಲಿ ಫೈಲ್‌ನಿಂದ ಓದಿದ ಸ್ಟ್ರಿಂಗ್ (ಪಠ್ಯದ ತುಂಡು) ಅಂದರೆ ಬೈಟ್‌ಗಳ ಸಾಲು. ಪಠ್ಯವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್. ಗುರುತು ಅಂದೆ, ಅಕ್ಷರ ಅನ್ನಲಿಲ್ಲ. ನಾವು 'ಚಿತ್ತಾಪುರ' ಅಂತ 4 ಅಕ್ಷರ ಓದುತ್ತೇವೆ: ಚಿ, ತ್ತಾ, ಪು, ರ. ಕಂಪ್ಯೂಟರ್‌ಗೆ ಅದು 9 ಗುರುತು. ಚ, ಗುಡಿಸು, ತ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ತ, ದೀರ್ಘ, ಪ, ಕೊಂಬು, ರ. ಹಾಗಾಗಿ ಉದ್ದ ಕೇಳಿದರೆ ಪೈಥಾನ್ 2 ಹೇಳುವುದು 27, ಪೈಥಾನ್ 3 ಹೇಳುವುದು 9, ಶಾಲೆಯ ಮೇಷ್ಟ್ರು ಹೇಳುವುದು 4. ಮೂವರೂ ಸರಿ.

ಈಗ 36 ಅರ್ಥವಾಯಿತು, ಅಲ್ವಾ? ಬರೆದವರಿಗೆ ಬೇಕಿದ್ದುದು 12 ಗುರುತು, ಮೂರರಿಂದ ಗುಣಿಸಿದ್ದರು. ಪೈಥಾನ್ 3ರಲ್ಲಿ ಅದೇ 36 ಅಂದರೆ 36 ಗುರುತು. ಏನೂ ಕತ್ತರಿಸಲಿಲ್ಲ, ಎರರೂ ಬರಲಿಲ್ಲ, ತೂಕ ಕೆಳಗೆ ಬಿತ್ತು.

ಹಳೇ ಲೆಕ್ಕವೂ ಪೂರ್ತಿ ಸರಿ ಇರಲಿಲ್ಲ. 'ಚಿತ್ತಾಪುರ ತಾಲ್ಲೂಕು' ಬರೆದರೆ ನಡುವಿನ ಸ್ಪೇಸ್‌ಗೆ 1 ಬೈಟ್. 27 + 1 = 28, ಉಳಿದದ್ದು 8. ಅದರಲ್ಲಿ 'ತಾ' 6 ಬೈಟ್ ತಿಂದಿತು, ಮಿಕ್ಕ 2 ಬೈಟ್ ಮುಂದಿನ 'ಲ'ದ ತುಂಡು. ಹಳೇ ಚೀಟಿಗಳಲ್ಲಿ ಹೆಸರಿನ ಕೊನೆಗೆ ಕಾಣುತ್ತಿದ್ದ ಚೌಕ ಇದೇ. ಪ್ರಿಂಟರ್ ಕೆಟ್ಟಿದೆ ಅಂತ ಮಿಲ್‌ನವರು ಇಷ್ಟು ವರ್ಷ ನಂಬಿದ್ದರು.

36 ಅಳಿಸಿ 12 ಹಾಕಿದೆ. 'ಚಿತ್ತಾಪುರ ತಾ' ಬಂತು, ಚೆಂದ. 'ಕಲಬುರಗಿ ತಾಲ್' ಬಂತು, ಪರವಾಗಿಲ್ಲ. 'ಸೇಡಂ ತಾಲ್ಲೂಕ' ಬಂತು. ಕೊಂಬು ಹಾರಿಹೋಗಿ ನಮ್ಮ ಕಡೆಯವರು ಮಾತಾಡಿದಂತೆಯೇ ಆಯಿತು. ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಕೆಟಗರಿ ಅಂತ ಒಂದಿದೆ, ಕಾಗುಣಿತದ ಗುರುತುಗಳಿಗೆಲ್ಲ ಅದು 'ಎಂ'ನಿಂದ ಶುರುವಾಗುವ ಉತ್ತರ ಕೊಡುತ್ತದೆ. ಕತ್ತರಿಸಿದ ಜಾಗದ ಮುಂದಿನದು ಅಂಥ ಗುರುತಾಗಿದ್ದರೆ, ಇಲ್ಲವೇ ಉಳಿದ ತುಂಡಿನ ಕೊನೆಯದು ಅರ್ಧಾಕ್ಷರದ ಚಿಹ್ನೆಯಾಗಿದ್ದರೆ, ಒಂದು ಹೆಜ್ಜೆ ಹಿಂದೆ ಸರಿ. ಸರಿಹೋಗುವ ತನಕ ಸರಿ. ಆರು ಸಾಲಿನ ಫಂಕ್ಷನ್. 'ಕಲಬುರಗಿ ತಾ', 'ಸೇಡಂ ತಾಲ್ಲೂ' ಅಂತ ಬಂತು.

ಎನ್‌ಕೋಡ್ ಯಾವುದು, ಡಿಕೋಡ್ ಯಾವುದು

ಇದು ನನಗೆ ಪ್ರತಿ ಸಲ ಉಲ್ಟಾ ಆಗುತ್ತಿತ್ತು. ಗಂಜ್‌ನಲ್ಲಿ ನಿಂತೇ ತಲೆಗೆ ಹೋಯಿತು. ಪಠ್ಯ ಅಂದರೆ ತೊಗರಿ, ಬೈಟ್ ಅಂದರೆ ಚೀಲ. ಲಾರಿಗೆ ಹಾಕುವ ಮುಂಚೆ ಚೀಲಕ್ಕೆ ತುಂಬುತ್ತಾರೆ, ಅದು ಎನ್‌ಕೋಡ್. ಇಳಿಸಿದ ಮೇಲೆ ಬಾಯಿ ಬಿಚ್ಚಿ ಸುರಿಯುತ್ತಾರೆ, ಅದು ಡಿಕೋಡ್. ಫೈಲ್, ನೆಟ್‌ವರ್ಕ್, ಪ್ರಿಂಟರ್ ಎಲ್ಲ ಲಾರಿ. ಪ್ರೋಗ್ರಾಮ್ ಒಳಗೆ ಯಾವಾಗಲೂ ಸುರಿದ ತೊಗರಿಯೇ ಇರಬೇಕು. ಪೈಥಾನ್ 2 ಎರಡನ್ನೂ ಬೆರೆಸಲು ಬಿಡುತ್ತಿತ್ತು, ಕನ್ನಡ ಬಂದಾಗ ಮಾತ್ರ ಬೀಳುತ್ತಿತ್ತು. ಪೈಥಾನ್ 3 ಬೆರೆಸಲು ಹೋದರೆ ಅಲ್ಲೇ ತಡೆಯುತ್ತದೆ.

ಎರರ್‌ನಲ್ಲಿ ಇ0 ಅನ್ನುವ ಬೈಟ್ ಕಂಡರೆ ನಿಮ್ಮ ಕನ್ನಡದ ಮೇಲೆ ಅನುಮಾನ ಪಡಿ. ಕನ್ನಡದ ಎಲ್ಲ ಗುರುತುಗಳೂ ಯುಟಿಎಫ್-8ರಲ್ಲಿ ಅದರಿಂದಲೇ ಶುರು. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೈಯಾರೆ ಬರೆಯಿರಿ. ಬಿಟ್ಟರೆ ಅದು ತನ್ನದೇ ಹಳೇ ಕೋಡ್‌ಪೇಜ್ (ಅಕ್ಷರ-ಬೈಟ್ ಪಟ್ಟಿ) ಹಿಡಿಯುತ್ತದೆ.

ಕಾಲಮ್‌ಗಳು ಮಾತ್ರ ಇನ್ನೂ ಸೊಟ್ಟಗಿದ್ದವು. 9 ಗುರುತಿನ ಚಿತ್ತಾಪುರ ಕಾಗದದ ಮೇಲೆ ಹಿಡಿಯುವ ಅಗಲಕ್ಕೂ 9 ಸ್ಪೇಸ್‌ಗಳ ಅಗಲಕ್ಕೂ ಹೊಂದಿಕೆಯೇ ಇಲ್ಲ. ಕೊನೆಗೆ ತೂಕ ಮೊದಲು ಪ್ರಿಂಟ್ ಮಾಡಿ, ಊರಿನ ಹೆಸರನ್ನು ಸಾಲಿನ ಕೊನೆಗೆ ತಳ್ಳಿದೆ. ಎಷ್ಟು ಉದ್ದವಾದರೂ ಯಾರಿಗೂ ತೊಂದರೆಯಿಲ್ಲ. ಕತ್ತರಿಸುವ ಅಗತ್ಯವೇ ಹೋಯಿತು. ಆರು ಸಾಲಿನ ಆ ಫಂಕ್ಷನ್ ಈಗ ಯಾರೂ ಕರೆಯದೆ ಫೈಲ್‌ನಲ್ಲಿ ಕೂತಿದೆ. ಅಳಿಸಲು ನನಗೆ ಮನಸ್ಸಾಗಲಿಲ್ಲ. 12 ಯಾಕೆ ಅಂತ ಒಂದು ಕಾಮೆಂಟ್ ಮಾತ್ರ ಬರೆದಿದ್ದೇನೆ.