ಕಸುಬಿನ ಅಚ್ಚು, ಕಸುಬಿನ ನೆರಳು

ಆರ್ಕಿಟೈಪ್ ಎಂಬ ಪದ ಕಂಡ ಕೂಡಲೇ ಪುಸ್ತಕ ಮುಚ್ಚಿಟ್ಟವರಲ್ಲಿ ನಾನೂ ಒಬ್ಬಳು. ಕನ್ನಡದಲ್ಲಿ ಇದಕ್ಕೆ ಆದಿಮ ಪ್ರತಿಮೆ, ಮೂಲಮಾದರಿ ಎಂದೆಲ್ಲ ಬರೆಯುತ್ತಾರೆ. ಆ ಪದಗಳಿಂದ ನನಗಂತೂ ಏನೂ ಹೊಳೆಯಲಿಲ್ಲ. ಹೊಳೆದದ್ದು ಆಲೆಮನೆಯಲ್ಲಿ. ಚನ್ನರಾಯಪಟ್ಟಣದ ಕಡೆ ನೆಂಟರ ಊರಿಗೆ ಹೋಗಿದ್ದೆ. ಕುದಿದು ಗಟ್ಟಿಯಾದ ಪಾಕವನ್ನು ಅಚ್ಚಿಗೆ ತುಂಬುತ್ತಿದ್ದರು. ಗ್ರೀಕಿನಲ್ಲಿ ‘ಆರ್ಕೆ’ ಎಂದರೆ ಮೊದಲು, ‘ಟೈಪೋಸ್’ ಎಂದರೆ ಒತ್ತಿದ ಗುರುತು, ಅಚ್ಚು. ಅಂದರೆ ಮೊದಲ ಅಚ್ಚು. ಇಷ್ಟಕ್ಕೆ ಅಷ್ಟೊಂದು ಹೆದರಿಕೊಂಡಿದ್ದೆನಲ್ಲಾ ಅನ್ನಿಸಿತು. ಹಾಗಾಗಿ ಈ ಟಿಪ್ಪಣಿಯಲ್ಲಿ ಅಚ್ಚು ಎಂದೇ ಬರೆಯುತ್ತೇನೆ.

ಅಚ್ಚಿನಲ್ಲಿ ಸಿಹಿ ಇರುವುದಿಲ್ಲ. ಸಿಹಿ ಇರುವುದು ಪಾಕದಲ್ಲಿ. ಮನಸ್ಸಿನ ಈ ಅಚ್ಚುಗಳ ಬಗ್ಗೆ ಬರೆದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ (1875–1961) ಒತ್ತಿ ಹೇಳಿದ್ದೂ ಇದನ್ನೇ. ಅಚ್ಚು ಬರೀ ಆಕಾರ, ಅದನ್ನು ತುಂಬುವುದು ಆಯಾ ಊರಿನ, ಆಯಾ ಕಾಲದ ಬದುಕು. ರಾಜ, ಯೋಧ, ವೈದ್ಯ, ಗುರು, ವ್ಯಾಪಾರಿ, ಕುಶಲಕರ್ಮಿ, ಸನ್ಯಾಸಿ, ಕಿಲಾಡಿ ಇವೆಲ್ಲ ಅಂಥ ಅಚ್ಚುಗಳು. ಊರು ಬದಲಾದರೆ ರಾಜನ ಪೇಟ ಬದಲಾಗುತ್ತದೆ, ಆದರೆ ‘ರಾಜ’ ಅಂದಾಗ ಮನಸ್ಸಿನಲ್ಲಿ ಏಳುವ ಭಯ, ಭರವಸೆ ಎರಡೂ ಸುಮಾರಾಗಿ ಎಲ್ಲ ಕಡೆ ಒಂದೇ. ಕಸುಬಿನ ಚಿತ್ರ ಆ ಕಸುಬು ಮಾಡುವ ಮನುಷ್ಯನಿಗಿಂತ ದೊಡ್ಡದು. ಡಾಕ್ಟರು ಕೈ ಹಿಡಿದು ನಾಡಿ ನೋಡಿದರೆ ಅರ್ಧ ಜ್ವರ ಬಿಡುತ್ತದೆ ಅನ್ನುತ್ತಾರಲ್ಲ, ಆ ಅರ್ಧ ಜ್ವರ ಬಿಡಿಸುವುದು ಡಾಕ್ಟರಲ್ಲ, ಅಚ್ಚು.

ಇಲ್ಲಿಯವರೆಗೆ ಸುಲಭ. ತೊಡಕು ಶುರುವಾಗುವುದು ನೆರಳಿನಲ್ಲಿ.

ನೋಟ್ಸ್ ಬರೆಯುವಾಗ ನಾನು ಎರಡು ಕಾಲಂ ಹಾಕಿದ್ದೆ. ಯೋಧ: ಒಳ್ಳೆಯದು ಧೈರ್ಯ, ಕೆಟ್ಟದ್ದು ಹೇಡಿತನ. ವ್ಯಾಪಾರಿ: ಒಳ್ಳೆಯದು ಪ್ರಾಮಾಣಿಕತೆ, ಕೆಟ್ಟದ್ದು ಮೋಸ. ನೋಡುವುದಕ್ಕೆ ಚೆನ್ನಾಗಿತ್ತು, ಪರೀಕ್ಷೆಯಲ್ಲಿ ನಂಬರೂ ಬರಬಹುದು. ಆದರೆ ಅದು ತಪ್ಪು. ಯೂಂಗ್ ಹೇಳುವ ನೆರಳು ಗುಣದ ಎದುರಾಳಿ ಅಲ್ಲ. ನಮ್ಮದೇ ಆದರೂ ನಮ್ಮದೆಂದು ಒಪ್ಪಿಕೊಳ್ಳದೆ ಹಿಂದಕ್ಕೆ ತಳ್ಳಿದ ಭಾಗ ಅದು. ಅದರಲ್ಲಿ ಕೆಟ್ಟದ್ದಷ್ಟೇ ಇರುತ್ತದೆ ಅಂತಲೂ ಇಲ್ಲ. ಯೋಧನ ನೆರಳು ಹುಡುಕಬೇಕಾದರೆ ಅವನ ಧೈರ್ಯದಲ್ಲೇ ಹುಡುಕಬೇಕು, ಬೇರೆಲ್ಲೂ ಅಲ್ಲ.

ಅಮೆರಿಕದ ರಾಬರ್ಟ್ ಮೂರ್ ಮತ್ತು ಡಗ್ಲಸ್ ಜಿಲೆಟ್ 1990ರಲ್ಲಿ ಇದನ್ನು ಸ್ವಲ್ಪ ವ್ಯವಸ್ಥಿತವಾಗಿ ಇಟ್ಟರು. ರಾಜ, ಯೋಧ, ಮಾಂತ್ರಿಕ, ಪ್ರೇಮಿ ಎಂಬ ನಾಲ್ಕು ಅಚ್ಚು. ಪ್ರತಿಯೊಂದಕ್ಕೂ ಒಂದಲ್ಲ, ಎರಡು ನೆರಳು. ಉಬ್ಬಿದ್ದು ಒಂದು, ಕುಗ್ಗಿದ್ದು ಇನ್ನೊಂದು. ರಾಜ ಉಬ್ಬಿದರೆ ಸರ್ವಾಧಿಕಾರಿ, ಕುಗ್ಗಿದರೆ ಕೈಲಾಗದವನು. ಯೋಧ ಉಬ್ಬಿದರೆ ಹಿಂಸೆಯಲ್ಲಿ ಸುಖ ಕಾಣುತ್ತಾನೆ, ಕುಗ್ಗಿದರೆ ತನ್ನನ್ನೇ ಹಿಂಸೆಗೆ ಒಡ್ಡಿಕೊಳ್ಳುತ್ತಾನೆ. ಒಬ್ಬನೇ ಮನುಷ್ಯ ಈ ಎರಡರ ನಡುವೆ ತೂಗಾಡುತ್ತಾನೆ ಎನ್ನುವುದು ಇಲ್ಲಿನ ಮುಖ್ಯ ಮಾತು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಇದನ್ನೇ ಅಲ್ವಾ? ಆದರೆ ಈ ಪಟ್ಟಿಯನ್ನು ಅವರು ಗಂಡಸರ ಮನಸ್ಸಿಗೆಂದೇ ಬರೆದದ್ದು. ಅಲ್ಲದೆ ಎಲ್ಲವನ್ನೂ ಹೀಗೆ ಉಬ್ಬು–ತಗ್ಗಿನ ಲೆಕ್ಕಕ್ಕೆ ತಂದರೆ ಸ್ವಲ್ಪ ಯಾಂತ್ರಿಕ ಆಗುತ್ತದೆ. ಓದಿ, ಆದರೆ ಅಲ್ಲೇ ನಿಲ್ಲಬೇಡಿ.

ನನಗೆ ನಿಜಕ್ಕೂ ಬಾಗಿಲು ತೆರೆದದ್ದು ಸ್ವಿಟ್ಜರ್ಲೆಂಡಿನ ಮನೋವಿಶ್ಲೇಷಕ ಅಡಾಲ್ಫ್ ಗುಗೆನ್‌ಬ್ಯೂಲ್-ಕ್ರೇಗ್ 1971ರಲ್ಲಿ ಬರೆದ ವಿಚಾರ. ಹೆಸರು ಉದ್ದ, ಮಾತು ಸರಳ. ಕಸುಬಿನ ಅಚ್ಚು ಒಬ್ಬರದ್ದಲ್ಲ, ಜೋಡಿಯದ್ದು. ವೈದ್ಯ–ರೋಗಿ ಒಂದೇ ಅಚ್ಚು. ಗುರು–ಶಿಷ್ಯ ಒಂದೇ ಅಚ್ಚು. ಒಳ್ಳೆಯ ವೈದ್ಯನೊಳಗೆ ಒಬ್ಬ ರೋಗಿ ಇರುತ್ತಾನೆ, ತನಗೂ ನೋವಾಗುತ್ತದೆ, ತಾನೂ ಸಾಯುತ್ತೇನೆ ಎಂದು ಗೊತ್ತಿರುವವನು. ಹಾಗೆಯೇ ರೋಗಿಯೊಳಗೂ ಒಬ್ಬ ವೈದ್ಯ ಇರುತ್ತಾನೆ. ಅವನು ಎದ್ದರೇನೇ ವಾಸಿ. ಗ್ರೀಕರ ಕತೆಯಲ್ಲಿ ವೈದ್ಯ ವಿದ್ಯೆ ಕಲಿಸುವ ಕೈರಾನನಿಗೇ ವಾಸಿಯಾಗದ ಗಾಯವಿದೆ. ವೈದ್ಯನು ತನ್ನೊಳಗಿನ ರೋಗಿಯನ್ನು ಪೂರ್ತಿ ಹೊರಗೆ ಹಾಕಿ, ‘ಕಾಯಿಲೆ ಎಲ್ಲ ನಿನ್ನದು, ಗುಣ ಮಾಡುವ ಶಕ್ತಿ ಎಲ್ಲ ನನ್ನದು’ ಎಂದ ಗಳಿಗೆಯಲ್ಲಿ ಅಚ್ಚು ಎರಡಾಗಿ ಸೀಳುತ್ತದೆ. ಆಮೇಲೆ ಉಳಿಯುವುದು ಅಧಿಕಾರ.

ಇದನ್ನು ಓದಿದ ವಾರವೇ ನನಗೆ ಪೆಟ್ಟು ಬಿತ್ತು. ಹಾಸನದಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಒಬ್ಬ ಹುಡುಗ, ತೀರಾ ಸಾಧು, ‘ಮಿಸ್, ಹಿಂದಿನ ವಾರ ಬೇರೆ ಥರ ಹೇಳಿದ್ರಿ’ ಎಂದ. ಅವನು ಹೇಳಿದ್ದು ಸರಿ. ನಾನು ‘ಮೊದಲು ನಿನ್ನ ಹೋಮ್‌ವರ್ಕ್ ತೋರಿಸು’ ಎಂದೆ. ಅವನ ಹೋಮ್‌ವರ್ಕ್ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ಪಾಠ ಹೇಳುವ ಅದೇ ಜಾಣತನ, ಯಾರಿಗೆ ಏನು ಬರುತ್ತದೆ ಏನು ಬರುವುದಿಲ್ಲ ಎಂದು ಹಿಡಿಯುವ ಅದೇ ಕಣ್ಣು, ಆ ಕ್ಷಣಕ್ಕೆ ಹುಡುಗನ ಬಾಯಿ ಮುಚ್ಚಿಸಲು ಕೆಲಸಕ್ಕೆ ಬಂತು. ನನಗೆ ಬೇರೆ ಕೆಟ್ಟ ಗುಣವೇ ಬೇಕಾಗಲಿಲ್ಲ. ಏಕಲವ್ಯನ ಬೆರಳು ಕೇಳಿದ ದ್ರೋಣನೂ ಹಾಗೆಯೇ. ಬಿಲ್ಲುಗಾರನಿಗೆ ಯಾವ ಬೆರಳು ಮುಖ್ಯ ಎಂದು ಗುರುವಿಗಲ್ಲದೆ ಇನ್ಯಾರಿಗೆ ಅಷ್ಟು ಚೆನ್ನಾಗಿ ಗೊತ್ತಿರುತ್ತದೆ?

ಬೇಲೂರಿನ ಕೈ

ಈ ಬೆರಳಿನ ಮಾತಿನಿಂದ ಬೇಲೂರಿಗೆ ಹೋಗೋಣ. ನಮಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಸ್ಥಾನ. ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಕತೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಯಾರೋ ಒಬ್ಬ ಹುಡುಗ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗಿದರೂ ಹೊಕ್ಕುಳ ಹತ್ತಿರ ಹಸಿ. ಅಲ್ಲಿ ಕಲ್ಲು ಒಡೆದರೆ ನೀರು, ಕಪ್ಪೆ. ಜಕಣಾಚಾರಿ ಕೈ ಕತ್ತರಿಸಿಕೊಳ್ಳುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಹುಡುಗ ಅವನ ಮಗನೇ, ಡಂಕಣಾಚಾರಿ.

ಇದನ್ನು ಸಾಮಾನ್ಯವಾಗಿ ಅಹಂಕಾರದ ಕತೆ ಎಂದು ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಶಿಲ್ಪಿಯ ದೊಡ್ಡ ಗುಣ ಯಾವುದು? ಕೂದಲೆಳೆಯ ತಪ್ಪನ್ನೂ ಬಿಡದೆ ಇರುವುದು. ಆ ಹಟ ಇಲ್ಲದಿದ್ದರೆ ಬೇಲೂರಿನ ಮದನಿಕೆಯರು ಇಲ್ಲ. ಈಗ ಕತೆ ನೋಡಿ: ಅದೇ ಹಟ, ತಪ್ಪು ಬಿಡದ ಅದೇ ನಿಷ್ಠೆ, ಕಲ್ಲಿನಿಂದ ತಿರುಗಿ ತನ್ನ ಕೈಯ ಮೇಲೆ ಬಂತು. ತಪ್ಪು ಮಾಡಿದ ಕೈ ಇರಬಾರದು! ಉಳಿಯೂ ಅದೇ, ಏಟೂ ಅದೇ. ಇನ್ನು ಮಗ ಅಪ್ಪನ ಗುರುತೇ ಇಲ್ಲದೆ ಹೊರಗಿನಿಂದ ಬರುತ್ತಾನೆ. ಕೆಲಸವೇ ದೇವರಾಗಿ ಮನೆ ಮರೆತವನ ಎದುರು ಆ ಮರೆತ ಮನೆಯೇ ಬಂದು ನಿಂತಂತೆ. ಗುಗೆನ್‌ಬ್ಯೂಲ್-ಕ್ರೇಗ್ ಭಾಷೆಯಲ್ಲಿ ಹೇಳಿದರೆ ಬಲ್ಲವನು ಹೊರಗೆ ಹಾಕಿದ ಶಿಷ್ಯ ವಾಪಸ್ ಬಂದಿದ್ದಾನೆ.

ಒಂದು ಎಚ್ಚರ. ಕತೆಯನ್ನೂ ಚರಿತ್ರೆಯನ್ನೂ ಕಲಸಬೇಡಿ. ಬೇಲೂರಿನ ವಿಗ್ರಹಗಳ ಕೆಳಗೆ ಶಿಲ್ಪಿಗಳೇ ಕೆತ್ತಿಕೊಂಡ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಮುಖ್ಯರು. ಮುಂದಿನ ಶತಮಾನದಲ್ಲಿ ನಮ್ಮ ಜಿಲ್ಲೆಯದ್ದೇ ಆದ ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮ, ಬೈಚೋಜ ಎಂಬ ಹೆಸರುಗಳು ಸಿಗುತ್ತವೆ. ಕೆಲವರು ಹೆಸರಿನ ಜೊತೆ ಬಿರುದನ್ನೂ ಹಾಕಿಕೊಂಡಿದ್ದಾರೆ, ಎದುರಾಳಿ ಶಿಲ್ಪಿಗಳನ್ನು ಮಣಿಸುವವನು ಎಂಬ ಧಾಟಿಯಲ್ಲಿ. ಓದಿದರೆ ನಗು ಬರುತ್ತದೆ. ಆದರೆ ಬೇರೆ ಕಡೆ ಎಷ್ಟೋ ಶಿಲ್ಪಿಗಳು ಹೆಸರೇ ಇಲ್ಲದೆ ಹೋಗಿದ್ದಾರೆ, ಇಲ್ಲಿ ಆ ಜಂಬದಿಂದಲೇ ಹೆಸರು ಉಳಿಯಿತು. ನೆರಳಿನಲ್ಲಿ ಕೆಟ್ಟದ್ದಷ್ಟೇ ಇರುವುದಿಲ್ಲ ಎಂದೆನಲ್ಲ, ಇದು ಅದಕ್ಕೆ ಸಾಕ್ಷಿ. ಈಗ ಜಕಣಾಚಾರಿ ಅಚ್ಚು, ದಾಸೋಜ ಮನುಷ್ಯ. ವ್ಯತ್ಯಾಸ ನೆನಪಿಡಿ.

ತಕ್ಕಡಿ

ನಮ್ಮ ತಾತನಿಗೆ ಅರಸೀಕೆರೆಯಲ್ಲಿ ಸಣ್ಣ ದಿನಸಿ ಅಂಗಡಿ ಇತ್ತು. ವ್ಯಾಪಾರಿಯ ಅಚ್ಚು ಎಂದರೆ ನನಗೆ ಅವರ ತಕ್ಕಡಿಯೇ. ತೂಗಿದ ಮೇಲೆ ಒಂದು ಚಿಟಿಕೆ ಜಾಸ್ತಿ ಹಾಕುತ್ತಿದ್ದರು. ಅದು ಧಾರಾಳತನವೋ ಗಿರಾಕಿ ಹಿಡಿಯುವ ಉಪಾಯವೋ? ಎರಡೂ. ವ್ಯಾಪಾರಿಯ ಶಕ್ತಿ ಇರುವುದೇ ಅಲ್ಲಿ: ಎದುರಿನವನಿಗೆ ಏನು ಬೇಕು ಎಂದು ಅವನಿಗಿಂತ ಮೊದಲು ತಿಳಿಯುವುದು. ಮೋಸ ಮಾಡುವವನಿಗೆ ಬೇಕಾದದ್ದೂ ಅದೇ ತಿಳಿವಳಿಕೆ. ಆಲೂಗಡ್ಡೆ ಮಾರಲು ಹೋದ ರೈತನನ್ನು ಕೇಳಿ. ಮಣ್ಣು, ಕೊಳೆತದ್ದು ಎಂದು ಮೂಟೆಗೆ ಇಷ್ಟು ಕೆಜಿ ‘ಸೂಟು’ ಕಳೆಯುವವನು ರೈತನ ಅವಸರವನ್ನು ಚೆನ್ನಾಗಿ ಓದಿರುತ್ತಾನೆ. ಮಳೆ ಬರುವ ಹಾಗಿದೆ, ಬಾಡಿಗೆ ಗಾಡಿ ಕಾಯುತ್ತಿದೆ, ವಾಪಸ್ ಒಯ್ಯುವುದಿಲ್ಲ.

ಇಲ್ಲಿ ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ತರುತ್ತೇನೆ. ಗಂಡ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ, ದುಡಿದದ್ದೇ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟೊಂದು ಆಸೆ ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಯೂಂಗ್ ಓದುವಾಗ ನಾವು ‘ನೆರಳನ್ನು ಗುರುತಿಸುವುದು’ ಎಂದು ದೊಡ್ಡದಾಗಿ ಬರೆದುಕೊಳ್ಳುತ್ತೇವೆ. ಲಕ್ಕಮ್ಮ ಅದನ್ನು ಚೀಲದ ತೂಕದಲ್ಲಿ ಗುರುತಿಸಿದಳು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಮಾರಯ್ಯ ತಾನೇ ಕಂಡುಕೊಳ್ಳಲಿಲ್ಲ. ಜೋಡಿಯ ಇನ್ನೊಂದು ತುದಿಯಲ್ಲಿ ನಿಂತವಳು ತೋರಿಸಬೇಕಾಯಿತು. ಜಕಣಾಚಾರಿಗೆ ಹುಡುಗ ತೋರಿಸಿದ ಹಾಗೆ, ನನಗೆ ಆ ಹತ್ತನೇ ಕ್ಲಾಸಿನವನು ತೋರಿಸಿದ ಹಾಗೆ.

ಶ್ರವಣಬೆಳಗೊಳದಲ್ಲಿ ಇದೇ ಎರಡು ಸಲ ಬರುತ್ತದೆ. ಬಾಹುಬಲಿ ಯೋಧ. ಅಣ್ಣ ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ಗಳಿಗೆಯಲ್ಲೇ ಎಲ್ಲ ಬಿಟ್ಟು ತಪಸ್ಸಿಗೆ ನಿಂತ. ಯೋಧ ಸನ್ಯಾಸಿಯಾದ, ಸರಿ. ಆದರೆ ಮೈಮೇಲೆ ಬಳ್ಳಿ ಹಬ್ಬಿದರೂ ಜ್ಞಾನ ಆಗಲಿಲ್ಲ. ಜನ ಹೇಳುವ ಒಂದು ಕತೆಯ ಪ್ರಕಾರ, ಭರತನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಮುಳ್ಳು ಒಳಗಿತ್ತು. ಭರತ ಬಂದು ನಮಸ್ಕರಿಸಿದ ಮೇಲೆ ಅದು ಹೋಯಿತು. ಎಲ್ಲ ಬಿಟ್ಟವನಿಗೆ ‘ಬಿಟ್ಟೆ’ ಎಂಬುದೇ ಆಸ್ತಿಯಾಗುತ್ತದೆ. ಸನ್ಯಾಸಿಯ ನೆರಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಆ ಮೂರ್ತಿ ಮಾಡಿಸಿದ ಚಾವುಂಡರಾಯನದು. ಗಂಗರ ಮಂತ್ರಿ, ಸೇನಾಪತಿ. 981ರ ಕಾಲ, 57 ಅಡಿ ಎತ್ತರದ ಒಂದೇ ಕಲ್ಲು. ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿದರೂ ಅದು ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ. ಒಬ್ಬಳು ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೂ ಹರಿದು, ಬೆಟ್ಟದಿಂದಲೂ ಇಳಿಯಿತಂತೆ. ಚಾವುಂಡರಾಯನ ದೊಡ್ಡದನ್ನು ಕಟ್ಟಿಸುವ ಗುಣವೇ ಅವನನ್ನು ಸೊಂಟದ ಹತ್ತಿರ ನಿಲ್ಲಿಸಿತು. ಆದರೆ ಕತೆ ಅವನನ್ನು ಬೀಳಿಸಲಿಲ್ಲ. ಗುಳ್ಳಕಾಯಜ್ಜಿಯ ವಿಗ್ರಹ ಈಗಲೂ ಬಾಹುಬಲಿಯ ಎದುರಿಗೇ ಇದೆ. ಮುಂದಿನ ಸಲ ಹೋದಾಗ ಬೆನ್ನು ತಿರುಗಿಸಿ ಅವಳನ್ನೂ ನೋಡಿ. ಹೆಚ್ಚಿನವರು ಫೋಟೋ ತೆಗೆದು ಇಳಿದುಬಿಡುತ್ತಾರೆ.

ಕಿಲಾಡಿಯ ಅಚ್ಚಿನ ಬಗ್ಗೆ ಎರಡೇ ಮಾತು. ಗಡಿ ದಾಟುವವನು, ನಿಯಮ ಮುರಿಯುವವನು. ಚಿಕ್ಕಮಗಳೂರಿನ ಬೆಟ್ಟಕ್ಕೆ 17ನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದರು ಎಂದು ಹೇಳುತ್ತಾರೆ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬರು ಕಾಯುತ್ತಿದ್ದ ಕಾಲ ಅದು. ಅಲ್ಲಿಂದ ನೋಡಿದರೆ ಕಳ್ಳಸಾಗಣೆ, ಇಲ್ಲಿಂದ ನೋಡಿದರೆ ವರ. ಬೆಳಿಗ್ಗೆ ಲೋಟ ಹಿಡಿದು ಕೂತವರು ಯಾವ ಕಡೆಯಿಂದ ನೋಡುತ್ತಾರೆ ಎಂದು ಹೇಳಬೇಕಾಗಿಲ್ಲ.

ಜಾತಕ ಅಲ್ಲ, ಜಾತಿಯೂ ಅಲ್ಲ

ಈಗೀಗ ಫೋನಿನಲ್ಲಿ ‘ನಿಮ್ಮ ಅಚ್ಚು ಯಾವುದು’ ಎಂಬ ಹತ್ತು ಪ್ರಶ್ನೆಯ ಕ್ವಿಜ್ ಬರುತ್ತದೆ. ಆಡಿ, ತಪ್ಪಿಲ್ಲ. ಆದರೆ ಯೂಂಗ್ ಪ್ರಕಾರ ಎಲ್ಲ ಅಚ್ಚೂ ಎಲ್ಲರಲ್ಲೂ ಇರುತ್ತವೆ. ‘ನಾನು ಯೋಧ’ ಎಂದು ಹಣೆಪಟ್ಟಿ ಕಟ್ಟಿಕೊಂಡರೆ ಅದು ಆತ ಎಚ್ಚರಿಸಿದ ಕಾಯಿಲೆಯೇ, ಮುಖವಾಡವನ್ನೇ ಮುಖ ಎಂದುಕೊಳ್ಳುವುದು. ನಮ್ಮಲ್ಲಿ ಇದಕ್ಕಿಂತ ಹಳೆಯ ಅಪಾಯವೊಂದಿದೆ. ಕಸುಬು ಅಂದ ಕೂಡಲೇ ಹುಟ್ಟು ಕೇಳುತ್ತೇವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಕಸುಬನ್ನು ಹೆಸರಿಗೆ ಅಂಟಿಸಿಕೊಂಡು ಬರೆದರು. ಅದರಲ್ಲಿ ಕೀಳು ಮೇಲು ಇಲ್ಲ ಎಂದು ತೋರಿಸುವುದಕ್ಕೆ. ನಾವು ಅದೇ ಹೆಸರುಗಳನ್ನು ಜಾತಿ ಗುರುತಿಸಲು ಬಳಸುತ್ತೇವೆ. ಅಚ್ಚು ಮನಸ್ಸಿನದ್ದು, ರಕ್ತದ್ದಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಎರಡನ್ನು ಬೆರೆಸಿದರೆ ಇಡೀ ಉತ್ತರ ಕೆಡುತ್ತದೆ.

ಹೊಸ ಕಸುಬುಗಳಿಗೆ ಹಳೆಯ ಅಚ್ಚು ಹೊಂದುತ್ತದೆಯೇ ಎಂದು ನಮ್ಮ ಓದಿನ ಗುಂಪಿನಲ್ಲಿ ಒಂದು ಭಾನುವಾರ ಪೂರ್ತಿ ಜಗಳ ಆಯಿತು. ಬಸ್ ಕಂಡಕ್ಟರ್ ಯಾರು? ಒಬ್ಬರು ಅಂಬಿಗ ಎಂದರು, ದಾಟಿಸುವವನು. ನಾನು ವ್ಯಾಪಾರಿ ಎಂದೆ. ಬೇಲೂರಿನಿಂದ ಬರುವಾಗ ನನ್ನ ಟಿಕೆಟ್ ಹಿಂದೆ ಆತ ‘13’ ಎಂದು ಬರೆದುಕೊಟ್ಟಿದ್ದ. ಕೊಡಬೇಕಾದ ಚಿಲ್ಲರೆ. ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಗದ್ದಲದಲ್ಲಿ ನಾನು ಮರೆತೆ. ಅವನೂ ಸುಮ್ಮನಿದ್ದ. ಇಪ್ಪತ್ತು ಹೆಜ್ಜೆ ಹೋದ ಮೇಲೆ ‘ಮೇಡಂ, ಹದಿಮೂರು ರೂಪಾಯಿ’ ಎಂದು ಕೂಗಿದ. ಆ ಇಪ್ಪತ್ತು ಹೆಜ್ಜೆ ಅವನ ಮನಸ್ಸಿನಲ್ಲಿ ಏನು ನಡೆಯಿತು ಎಂಬುದರ ಮೇಲೆ ಮುಂದಿನ ಭಾನುವಾರದ ಚರ್ಚೆ.